ಅರೆಹೊಟ್ಟೆಯ ಕಪ್ಪುಕುಳಿಗಳನ್ನು ಹುಡುಕಿದವರು

ಅವರು ಆಕಾಶ ನೋಡುತ್ತಾ ನಿಂತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹೀಗೆಂದರೆ ಜನ ನಂಬುವುದಿಲ್ಲ. ಮೊನ್ನೆ ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ನಡೆದ ಅವರ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬರು, "ಸದಾ ನಕ್ಷತ್ರಗಳ ಕಡೆಗೇ ಮುಖ ಮಾಡಿದ್ದ ಚೇತನ" ಎಂದು ಗದ್ಗದಿತರಾದರು. ನಾನು ಹಿಂದಿನ ಸಾಲಿನಲ್ಲಿ ಕೂತು, ಅಂಥ ಹೊತ್ತಿನಲ್ಲೂ ಬಂದ ನಗುವನ್ನು ತಡೆದುಕೊಂಡೆ. ಅವರು ಸದಾ ಮುಖ ಮಾಡಿದ್ದದ್ದು ಫಿಸಿಕ್ಸ್ ವಿಭಾಗದ ಮೂಲೆಯಲ್ಲಿದ್ದ ಒಂದು ಕಂಪ್ಯೂಟರಿನ ಕಡೆಗೆ. ಅದೂ ಹಾಡುಹಗಲಲ್ಲಿ, ಊಟದ ಬಿಡುವಿನಲ್ಲಿ, ಎಡಗೈಯಲ್ಲಿ ಮೊಸರನ್ನದ ಡಬ್ಬಿ ಹಿಡಿದುಕೊಂಡು. ಆ ಪರದೆಯ ಮೇಲೆ ನಕ್ಷತ್ರ ಇರುತ್ತಿರಲಿಲ್ಲ. ಮಗು ಪೆನ್ಸಿಲಿನಲ್ಲಿ ಗೀಚಿದಂಥ ಒಂದು ಅಂಕುಡೊಂಕು ಗೆರೆ ಇರುತ್ತಿತ್ತು. ಆ ಗೆರೆಯ ಯಾವುದೋ ಒಂದು ಸಣ್ಣ ಉಬ್ಬನ್ನು ನೋಡುತ್ತಾ ತುತ್ತು ಬಾಯಿಗಿಡುವುದನ್ನೂ ಮರೆತಿರುತ್ತಿದ್ದರು.

ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಅವರು ಭೌತಶಾಸ್ತ್ರ. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ಇಬ್ಬರ ಮನೆಯೂ ಯಳಂದೂರಿನಲ್ಲಿದ್ದುದರಿಂದ ದಿನಾ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಅವರಿಗೆ ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಹುಟ್ಟೂರು ಹತ್ತಿರದ ಮಾಂಬಳ್ಳಿ. ಅಲ್ಲಿ ಅವರ ಅಣ್ಣ ಕಬ್ಬು ಬೆಳೆದು ಆಲೆಮನೆ ನಡೆಸುತ್ತಿದ್ದರು. ಸಹೋದ್ಯೋಗಿಗಳನ್ನು ಅವರು ಕರೆಯುತ್ತಿದ್ದುದು ಪಾಠದ ಹೆಸರಿನಿಂದ. "ಹಿಸ್ಟ್ರಿ ಇವತ್ತು ರಜಾನಾ?", "ಕಾಮರ್ಸ್ ಯಾಕೋ ಸಪ್ಪಗಿದೆ." ನಾನು ಅವರಿಗೆ ಕೊನೆಯವರೆಗೂ 'ಕನ್ನಡ'ವೇ. "ಬಾ ಕನ್ನಡ, ಕಿಟಕಿ ಸೀಟು ಹಿಡಿದಿದ್ದೀನಿ" ಎನ್ನುವರು.

ಮಕ್ಕಳು ಅವರಿಗೆ ಇಟ್ಟಿದ್ದ ಹೆಸರು 'ಇರಬೋದು ಮೇಡಂ'. ಏನು ಕೇಳಿದರೂ ಮೊದಲು ಬರುತ್ತಿದ್ದ ಮಾತು ಅದು. "ಮೇಡಂ, ಈ ಉತ್ತರ ಸರೀನಾ?" "ಇರಬೋದು. ಬೇರೆ ಏನಾದ್ರೂ ಆಗಿರಬೋದಾ, ಅದನ್ನೂ ನೋಡು." ಹುಡುಗರು ತಲೆ ಚಚ್ಚಿಕೊಳ್ಳುತ್ತಿದ್ದರು. ಅವರು ಬೇಕೆಂದು ಸತಾಯಿಸುತ್ತಿರಲಿಲ್ಲ, ಅವರ ತಲೆ ಓಡುತ್ತಿದ್ದುದೇ ಹಾಗೆ. ಒಮ್ಮೆ ಅವರ ಅತ್ತಿಗೆ ತಮ್ಮ ಮಗಳಿಗೆ ನೋಡಿದ್ದ ಗಂಡಿನ ಬಗ್ಗೆ, "ನಿಮ್ಮ ಕಾಲೇಜಲ್ಲೇ ಓದಿದವನಂತೆ, ಒಳ್ಳೇ ಹುಡುಗನಾ?" ಎಂದು ಕೇಳಿದ್ದರು. ಗಂಡಿನ ಕಡೆಯವರು ಪಡಸಾಲೆಯಲ್ಲಿ ಕೂತಿದ್ದಾರೆ. ಇವರು ಸಹಜವಾಗಿ "ಇರಬೋದು" ಎಂದುಬಿಟ್ಟರು. ಸಂಬಂಧ ಅಲ್ಲಿಗೇ ಮುರಿಯಿತು. ಅತ್ತಿಗೆ ಬಹಳ ಕಾಲ ಇವರೊಂದಿಗೆ ಮಾತು ಬಿಟ್ಟಿದ್ದರು. "ನಾನು ಕೆಟ್ಟವನು ಅನ್ನಲಿಲ್ಲವಲ್ಲ ಕನ್ನಡ. ನಂಗೆ ಗೊತ್ತಿದ್ದಷ್ಟು ಹೇಳಿದೆ" ಎಂದು ಇವರು ನನ್ನ ಹತ್ತಿರ ಅಲವತ್ತುಕೊಂಡರು.

ಇನ್ನೊಂದು ಸಲ ಹನೂರಿನಿಂದ ಇಬ್ಬರೂ ವಾಪಸು ಬರುತ್ತಿದ್ದೆವು. ಅವರು ಹಿಂದೆ ಪಾಠ ಮಾಡಿದ್ದ ಅಲ್ಲಿನ ಕಾಲೇಜಿನಲ್ಲಿ ಮಕ್ಕಳಿಗೆ ಅವರದೊಂದು ಭಾಷಣ ಇತ್ತು. ದಾರಿಯಲ್ಲಿ ಬಸ್ಸಿನೊಳಗೆ ಸುಟ್ಟ ವಾಸನೆ ಬಂದು ಹೊಗೆಯಾಡತೊಡಗಿತು. "ಎಂಜಿನ್ನಿಗೆ ಬೆಂಕಿ ಬಿದ್ದದೆ, ಇಳೀರಿ ಇಳೀರಿ" ಎಂದು ಯಾರೋ ಕೂಗಿದರು. ಜನ ಬಾಗಿಲಿಗೆ ಮುಗಿಬಿದ್ದರು. ಇವರು ಮಾತ್ರ ಸೀಟಿನಲ್ಲೇ ಕೂತು ಮೂಗು ಅರಳಿಸಿ, "ಇದು ಎಂಜಿನ್ ವಾಸನೆ ಅಲ್ಲ, ಬ್ರೇಕಿಂದು ಇರಬೋದು" ಎನ್ನುತ್ತಿದ್ದಾರೆ. ಕಂಡಕ್ಟರ್ ರೇಗಿದ. "ತಾಯಿ, ಮೊದ್ಲು ಇಳೀರಿ. ಆಮ್ಯಾಕೆ ನಿಂತ್ಕಂಡು ಮೂಸಿ ನೋಡೂರಿ!" ನಾನು ಕೈಹಿಡಿದು ಎಳೆದು ತಂದೆ. ಡ್ರೈವರ್ ಬಾನೆಟ್ಟು ತೆಗೆದು ಹುಡುಕಿ ಬೇಸತ್ತು, ಕೊನೆಗೆ ಹಿಂದಿನ ಚಕ್ರದ ಹತ್ತಿರ ಬಗ್ಗಿದಾಗ ಅಲ್ಲಿಂದಲೇ ಹೊಗೆ ಬರುತ್ತಿತ್ತು. ತಾವು ಹೇಳಿದ್ದು ನಿಜವಾಯಿತೆಂಬ ಖುಷಿಯೇನೂ ಅವರ ಮುಖದಲ್ಲಿರಲಿಲ್ಲ. "ಎಂಜಿನ್ನೂ ಆಗಿರಬೋದಿತ್ತು" ಎಂದರು.

ಆ ಹನೂರಿನ ಭಾಷಣಕ್ಕಾಗಿಯೇ ಅವರು ನನ್ನ ಹತ್ತಿರ ಕನ್ನಡದ ಮಾತುಗಳನ್ನು ಕೇಳಲು ಶುರುಮಾಡಿದ್ದು. ಎಲ್ಲರೂ ನಿವೃತ್ತಿಗೆ ಇನ್ನೆಷ್ಟು ವರ್ಷ ಎಂದು ಲೆಕ್ಕ ಹಾಕುವ ವಯಸ್ಸಿನಲ್ಲಿ ಅವರು ಮೈಸೂರಿನಲ್ಲಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ್ದರು. ವಿಷಯ ಕಪ್ಪುಕುಳಿ. ನಾನು ಮೊದಲು 'ಕೃಷ್ಣರಂಧ್ರ' ಎಂದು ಬರೆದುಕೊಟ್ಟೆ. ಅವರಿಗೆ ಹಿಡಿಸಲಿಲ್ಲ.

"ರಂಧ್ರ ಅಂದ್ರೆ ತೂತು. ತೂತಾಗಿದ್ರೆ ಆಚೆ ಕಡೆಯಿಂದ ಬೆಳಕು ಬರಬೇಕಲ್ಲ. ಇದು ಹಾಗಲ್ಲ."

"ಕಪ್ಪುಕುಳಿ ಅನ್ನೋಣವಾ?"

"ಕುಳಿ ಪರವಾಗಿಲ್ಲ. ಬಿದ್ದದ್ದು ಮೇಲೆ ಬರಲ್ಲ. ಸರಿ, ಈ 'ಆ್ಯಕ್ಟಿವ್'ಗೆ ಏನು ಹೇಳ್ತೀಯ?"

"ಸಕ್ರಿಯ."

"ಅದು ಯಾವುದೋ ಸಂಘದ ಸದಸ್ಯರ ಥರ ಕೇಳುತ್ತೆ ಕನ್ನಡ. ಇದು ಉಣ್ಣೋದು. ಅಕ್ಕಪಕ್ಕದ ಅನಿಲವನ್ನ ಎಳೆದುಕೊಂಡು ಉಣ್ಣುತ್ತೆ. ಬೀಳೋ ಅನಿಲ ಕಾದು ಉರಿದು ಬೆಳಕು ಕೊಡುತ್ತೆ. ಕುಳಿ ನಮಗೆ ಕಾಣಲ್ಲ, ಅದರ ಊಟ ಕಾಣುತ್ತೆ."

"ಹಾಗಾದ್ರೆ ಉಣ್ಣುವ ಕಪ್ಪುಕುಳಿ."

"ಹಾಂ. ಜೋರಾಗಿ ಉಣ್ಣೋವನ್ನ ಎಲ್ಲರೂ ಕಂಡುಹಿಡಿದಾಗಿದೆ. ಅವು ಇಡೀ ಗ್ಯಾಲಕ್ಸಿಗಿಂತ ಪ್ರಕಾಶವಾಗಿ ಉರೀತವೆ. ನಾನು ಹುಡುಕ್ತಿರೋದು ಅರೆಹೊಟ್ಟೇಲಿ ಇರೋವನ್ನ. ಅದೂ ತುಂಬ ದೂರದ ಗ್ಯಾಲಕ್ಸಿಗಳಲ್ಲಿ, ಹೊಸ ನಕ್ಷತ್ರಗಳು ಎಡೆಬಿಡದೆ ಹುಟ್ಟುತ್ತಿರೋ ಕಡೆ. ಆ ಗದ್ದಲದಲ್ಲಿ ಇವುಗಳ ಬೆಳಕು ಮುಚ್ಚಿಹೋಗಿರುತ್ತೆ."

ನನಗೆ ಅರ್ಥವಾಗಲಿಲ್ಲವೆಂದು ಮುಖ ನೋಡಿಯೇ ತಿಳಿದು, ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಕಬ್ಬಿನ ಗದ್ದೆಗಳ ಕಡೆ ಕೈತೋರಿಸಿದರು.

"ನಮ್ಮಣ್ಣನ ಆಲೆಮನೇಲಿ ಕೊಪ್ಪರಿಗೆ ಕೆಳಗೆ ಧಗಧಗ ಉರೀತಿದೆ ಅಂದ್ಕೋ. ಅದರ ಹಿಂದೆ ಒಬ್ಬ ಕೂತು ವೆಲ್ಡಿಂಗ್ ಮಾಡ್ತಿದ್ದಾನೆ. ನೀನು ದೂರದ ರಸ್ತೇಲಿದ್ದೀಯ. ನಿನಗೆ ಎರಡೂ ಸೇರಿ ಒಂದೇ ಬೆಳಕು. ಆದರೆ ವೆಲ್ಡಿಂಗ್ ಬೆಳಕಿನ ಗುಣವೇ ಬೇರೆ. ಚಿಕ್ಕದಾದ್ರೂ ಕಣ್ಣು ಸುಡುತ್ತೆ. ಒಲೆ ಎಷ್ಟು ಉರಿದ್ರೂ ಹಾಗೆ ಸುಡಲ್ಲ. ನಕ್ಷತ್ರ ಹುಟ್ಟೋದು ಒಲೆ ಉರಿ. ಕುಳಿಯ ಊಟ ವೆಲ್ಡಿಂಗ್. ಆ ಚೂಪು ಬೆಳಕು ತಾಗಿದ ಅನಿಲ ತನ್ನದೇ ಒಂದು ಬಣ್ಣ ಬಿಡುತ್ತೆ. ನನ್ನ ಪರದೆ ಮೇಲಿನ ಗೆರೇಲಿ ಉಬ್ಬಾಗಿ ಕಾಣೋ ಆ ಬಣ್ಣಾನ ಹುಡುಕ್ತಿದ್ದೀನಿ."

"ಸಿಕ್ಕಿತಾ?"

"ಒಂದು ಗ್ಯಾಲಕ್ಸೀಲಿ ಏನೋ ಇದೆ."

"ಅಂದ್ರೆ ಕಪ್ಪುಕುಳಿ!"

"ಇರಬೋದು. ತುಂಬಾ ಬಿಸಿಯಾದ ನಕ್ಷತ್ರಗಳೂ ಇರಬೋದು. ಯಾವುದೋ ನಕ್ಷತ್ರ ಸಿಡಿದ ಹೊಡೆತಕ್ಕೆ ಅನಿಲ ಕಾದಿರಬೋದು."

ಅವರ ಬಳಿ ದೂರದರ್ಶಕ ಇರಲಿಲ್ಲ. ಪ್ರಪಂಚದ ದೊಡ್ಡ ದೊಡ್ಡ ದೂರದರ್ಶಕಗಳು ಹಿಡಿದ ಬೆಳಕಿನ ದಾಖಲೆಗಳನ್ನು ಕೆಲಕಾಲ ಕಳೆದ ಮೇಲೆ ಎಲ್ಲರಿಗೂ ತೆರೆದಿಡುತ್ತಾರಂತೆ. ಕೊಳ್ಳೇಗಾಲದಲ್ಲಿ ಕೂತವರೂ ಇಳಿಸಿಕೊಳ್ಳಬಹುದು, ಕರೆಂಟು ಇದ್ದರೆ. ಆ ದಾಖಲೆಗಳಲ್ಲಿ ಬೇರೆಯವರು ಬಿಟ್ಟುಹೋದದ್ದನ್ನು ಅವರು ಮೊಸರನ್ನ ತಿನ್ನುತ್ತಾ ವರ್ಷಗಟ್ಟಲೆ ಸೋಸಿದರು. ಆ ಒಂದು ಗ್ಯಾಲಕ್ಸಿಯ ಮೇಲೆ ಅವರಿಗೆ ಮೋಹವೇ ಹುಟ್ಟಿತ್ತು. ಮೈಸೂರಿನ ಮಾರ್ಗದರ್ಶಕರೂ ಉತ್ಸಾಹದಲ್ಲಿದ್ದರು. ಲೇಖನ ಸಿದ್ಧವಾಗಿ ಒಂದು ವಿಜ್ಞಾನ ಪತ್ರಿಕೆಗೆ ಹೋಯಿತು. ಅದು ಅಚ್ಚಾಗದೆ ಪಿಎಚ್.ಡಿ. ಪ್ರಬಂಧ ಒಪ್ಪಿಸುವಂತಿರಲಿಲ್ಲ, ಒಪ್ಪಿಸಲು ಇದ್ದ ಅವಧಿಯೂ ಮುಗಿಯುತ್ತಾ ಬಂದಿತ್ತು.

ಅಷ್ಟರಲ್ಲಿ ಸುದ್ದಿ ಹೊರಬಿತ್ತು. ಕೇಳಲು ಬಂದ ವರದಿಗಾರನಿಗೆ ಇವರು ಎಂದಿನಂತೆ ಹತ್ತು ಸಲ 'ಇರಬೋದು' ಎಂದಿದ್ದರು. ಅಚ್ಚಾಗಿ ಬಂದಾಗ ಒಂದು 'ಇರಬೋದು' ಕೂಡ ಉಳಿದಿರಲಿಲ್ಲ. "ಕಪ್ಪುಕುಳಿ ಪತ್ತೆ ಹಚ್ಚಿದ ನಮ್ಮೂರ ಮಗಳು" ಎಂದು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಎದ್ದಿತು. ಕಾಲೇಜಿನಲ್ಲಿ ಶನಿವಾರ ಸನ್ಮಾನವೆಂದು ನಿಶ್ಚಯವಾಯಿತು. ಅವರು ಬೇಡವೆಂದರು, ಯಾರೂ ಕೇಳಲಿಲ್ಲ. ಅಣ್ಣ ಮಾಂಬಳ್ಳಿಯಲ್ಲಿ ಮನೆಮನೆಗೆ ಹೋಗಿ ಕರೆದಿದ್ದರು. ಮಾತು ಬಿಟ್ಟಿದ್ದ ಅತ್ತಿಗೆಯೂ ಆ ನೆಪದಲ್ಲಿ ಫೋನ್ ಮಾಡಿ ಮಾತಾಡಿದರು. ಸನ್ಮಾನದಿಂದ ಅವರಿಗೆ ನಿಜವಾಗಿ ಸಂತೋಷವಾದದ್ದು ಅದೊಂದಕ್ಕೇ ಎಂದು ನನಗನಿಸುತ್ತದೆ.

ಗುರುವಾರ ಮಧ್ಯಾಹ್ನ ನಾನು ಅವರ ವಿಭಾಗಕ್ಕೆ ಹೋದಾಗ ಡಬ್ಬಿ ತೆರೆದೇ ಇರಲಿಲ್ಲ.

"ಕನ್ನಡ, ಅದು ನಡುವೆ ಇಲ್ಲ" ಎಂದರು.

"ಯಾವುದು ಮೇಡಂ?"

"ಆ ಬಣ್ಣ. ಬೇರೆ ಯಾರೋ ಅದೇ ಗ್ಯಾಲಕ್ಸೀನ ಇನ್ನೂ ದೊಡ್ಡ ದೂರದರ್ಶಕದಲ್ಲಿ ನೋಡಿದ್ದಾರೆ, ಒಂದೊಂದು ಭಾಗಾನ ಬೇರೆಬೇರೆಯಾಗಿ. ಇವತ್ತು ತೆರೆದಿಟ್ಟಿದ್ದಾರೆ. ಕುಳಿ ಆಗಿದ್ರೆ ಬಣ್ಣ ನಡುಮಧ್ಯದಲ್ಲಿ ಇರಬೇಕು. ಇಲ್ಲಿ ನಡುವೆ ಏನೂ ಇಲ್ಲ. ಅಂಚಿನಲ್ಲಿದೆ, ಹೊಸ ನಕ್ಷತ್ರಗಳ ಗುಂಪಿರೋ ಕಡೆ. ಅದು ಒಲೆ ಕಣಮ್ಮಾ. ನಾನು ಒಲೇನ ವೆಲ್ಡಿಂಗ್ ಅಂದ್ಕೊಂಡುಬಿಟ್ಟಿದ್ದೆ."

"ಬೇರೆ ಏನಾಗಿರಬೋದು ಅಂತ ನೀವು ನೋಡಿದ್ರಲ್ಲ?"

"ನೋಡಿದ್ದೆ. ಆದರೆ ಇದೇ ಆಗಿರಲಿ ಅಂತ ಆಸೆನೂ ಇತ್ತು. ಆಸೆ ಇದ್ದಾಗ ಪ್ರಶ್ನೆ ಕೇಳೋ ದನಿ ಸಣ್ಣದಾಗುತ್ತೆ."

ಅವರು ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಆಮೇಲೆ ಮೈಸೂರಿಗೆ ಫೋನ್ ಮಾಡಿದರು. ಲೇಖನದಲ್ಲಿ ಒಂದು ಎಚ್ಚರಿಕೆಯ ವಾಕ್ಯ ಸೇರಿಸಿ ಮುಂದುವರಿಯಬಹುದೆಂದು ಮಾರ್ಗದರ್ಶಕರು ಹೇಳಿದರಂತೆ. ಇವರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು. "ನನಗೇ ಅಲ್ಲ ಅಂತ ಗೊತ್ತಾದ್ಮೇಲೆ ಇರಬೋದು ಅಂತ ಹೇಗೆ ಬರೀಲಿ ಸರ್?" ಎಂದದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

ಪ್ರಿನ್ಸಿಪಾಲರು ತಲೆಯ ಮೇಲೆ ಕೈಹೊತ್ತರು. "ಮೇಡಂ, ಶಾಮಿಯಾನ ಹಾಕಾಗಿದೆ. ಕಾರ್ಯಕ್ರಮ ಒಂದು ಮುಗೀಲಿ. ಆಮೇಲೆ ನಿಧಾನವಾಗಿ ಹೇಳಿದ್ರಾಯ್ತು. ಇಲ್ಲಿ ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗಿದೆಯಲ್ಲ ಸರ್" ಎಂದು ಇವರು ಹೊರಟುಬಂದರು.

ಶನಿವಾರ ಅವರು ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬಂದರು. ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟುಕೊಂಡೇ ಬಂದರು. ಮುಂದಿನ ಸಾಲುಗಳಲ್ಲಿ ಮಾಂಬಳ್ಳಿಯ ಜನ. ಅಣ್ಣ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ನೆಟ್ಟಗೆ ಕೂತಿದ್ದರು. ಶಾಲು ಹೊದಿಸಲು ಅತಿಥಿಗಳು ಎದ್ದಾಗ ಇವರು ಕೈಯೆತ್ತಿ ತಡೆದು ಮೈಕಿನ ಮುಂದೆ ನಿಂತರು.

"ಇದಕ್ಕೆ ಮುಂಚೆ ಒಂದು ಮಾತು ಹೇಳಬೇಕು. ನಾನು ಕಪ್ಪುಕುಳಿ ಕಂಡುಹಿಡಿದಿದ್ದೀನಿ ಅಂತ ನೀವೆಲ್ಲ ಬಂದಿದ್ದೀರಿ. ಗುರುವಾರ ಅದು ಅಲ್ಲ ಅಂತ ಗೊತ್ತಾಯಿತು. ನಾನು ಕಂಡದ್ದು ನಕ್ಷತ್ರಗಳ ಬೆಳಕು. ಕೆಲಸ ಬಿಟ್ಟು ದೂರದಿಂದ ಬಂದಿದ್ದೀರಿ, ನಿಮಗೆ ನಿಜ ಹೇಳದೆ ಶಾಲು ಹೊದ್ದುಕೊಳ್ಳೋಕೆ ನನಗೆ ಆಗಲ್ಲ. ಕ್ಷಮಿಸಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ಮುಖ್ಯ ಅತಿಥಿಗಳು ಇದೊಂದೂ ಕಿವಿಗೆ ಬೀಳದವರಂತೆ ಜೇಬಿನಿಂದ ಹಾಳೆ ತೆಗೆದು, "ಕಪ್ಪುಕುಳಿಯನ್ನು ಕಂಡುಹಿಡಿದು ಜಗತ್ತೇ ನಮ್ಮ ತಾಲ್ಲೂಕಿನತ್ತ ತಿರುಗಿ ನೋಡುವಂತೆ ಮಾಡಿದ" ಎಂದು ಓದತೊಡಗಿದರು. ಶಾಲೂ ಹೊದಿಸಿದರು. ಇವರು ಬೆಂಕಿ ಮೈಮೇಲೆ ಬಿದ್ದವರಂತೆ ಮುದುಡಿ ನಿಂತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ಅಣ್ಣ ಅಡ್ಡಗಟ್ಟಿದರು. ಕಣ್ಣು ಕೆಂಪಗಾಗಿತ್ತು.

"ಅಲ್ಲ ಕಣವ್ವ, ಊರ್ಗೆಲ್ಲ ಯೋಳ್ಬುಟ್ಟಿವ್ನಿ. ಟೆಂಪೋ ಮಾಡ್ಕಂಡು ಜನ ತುಂಬ್ಕಂಡು ಬಂದಿವ್ನಿ. ಈಗ ಇಲ್ಲ ಅಂದ್ಬುಟ್ರೆ ನಾ ಎಂಗೆ ಮಕ ತೋರುಸ್ಲಿ?"

"ಇದ್ದಿದ್ರೆ ಅದೆ ಅಂತಿದ್ದೆ ಅಣ್ಣ."

"ವಸಿ ದಿನ ತಡ್ದು ಯೋಳಿದ್ರೆ ಏನಾಗದು? ಆ ಕುಳಿ ಎಲ್ಗೂ ಓಡೋಯ್ತಿರ್ಲಿಲ್ವಲ್ಲ."

"ಓಡೋಗಕ್ಕೆ ಅಲ್ಲಿ ಇದ್ರೆ ತಾನೆ ಅಣ್ಣ?"

ಅಣ್ಣ ಟೆಂಪೋ ಹತ್ತಿದರು. ಮಾಂಬಳ್ಳಿಯ ಜನ ತಲೆ ತಗ್ಗಿಸಿಕೊಂಡು ಹೋದರು. ಅತ್ತಿಗೆ ಮಾತ್ರ ಇವರ ಹತ್ತಿರ ಬಂದು, ಜಾರಿದ್ದ ಶಾಲನ್ನು ಸರಿಮಾಡಿ ಹೋದರು.

ಆಮೇಲಿನ ತಿಂಗಳುಗಳು ಸುಲಭದವಾಗಿರಲಿಲ್ಲ. ಕಟ್ಟಿದವರು ಬಿಚ್ಚದೆ ಆ ಫ್ಲೆಕ್ಸ್ ಬಹಳ ದಿನ ಹಾಗೇ ಇತ್ತು. ದಿನಾ ಬಸ್ಸಿಳಿದರೆ ಅವರ ಮುಖವೇ ಅವರನ್ನು ನೋಡಿ ನಗುತ್ತಿತ್ತು. ಕಾಲೇಜಿನಲ್ಲಿ ಕೆಲವರು ಬೆನ್ನ ಹಿಂದೆ 'ಇಲ್ಲದ ಕುಳಿ' ಎನ್ನುತ್ತಿದ್ದರು. ಪಾಠಗಳನ್ನೇನೋ ತಪ್ಪದೆ ಮಾಡಿದರು. ಕಂಪ್ಯೂಟರಿನ ಮೇಲೆ ಮಾತ್ರ ಬಟ್ಟೆ ಮುಚ್ಚಿತ್ತು. ಊಟಕ್ಕೆ ಸ್ಟಾಫ್ ರೂಮಿಗೇ ಬರತೊಡಗಿದರು, ಎಲ್ಲರೊಂದಿಗೆ ಕೂತು ಪಲ್ಯ ಹಂಚಿಕೊಂಡರು. ಅವರು ಅಷ್ಟು ಹೊತ್ತು ನಮ್ಮ ಜೊತೆ ಕೂತದ್ದು ನನಗೆ ಯಾಕೋ ಸರಿಕಾಣುತ್ತಿರಲಿಲ್ಲ.

ಒಂದು ದಿನ ನಾನೇ ಕೇಳಿದೆ. "ಬಿಟ್ಟೇಬಿಟ್ರಾ ಮೇಡಂ?"

"ಬೇಜಾರಾಗಿದೆ ಕನ್ನಡ" ಎಂದರು. "ಒಂದಾದ್ರೂ ನಂದು ಅಂತ ಇರಲಿ, ಬೆರಳು ಮಾಡಿ ತೋರಿಸೋ ಹಾಗಿರಲಿ ಅಂತ ಬಹಳ ಆಸೆ ಇತ್ತು."

ಸ್ವಲ್ಪ ದಿನಗಳಾದ ಮೇಲೆ ಊಟಕ್ಕೆ ಅವರು ಬರಲಿಲ್ಲ. ಹೋಗಿ ನೋಡಿದರೆ ಬಟ್ಟೆ ಸರಿದಿತ್ತು, ಪರದೆಯ ಮೇಲೆ ಗೆರೆ ಇತ್ತು. ಈ ಸಲ ಒಂದರ ಮೇಲೊಂದು ನೂರಾರು ಗೆರೆ.

"ಏನಿದು?"

"ಅನುಮಾನ ಇರೋ ಗ್ಯಾಲಕ್ಸಿಗಳನ್ನೆಲ್ಲ ತೆಗೆದುಹಾಕಿದೆ. ಆ ತಪ್ಪಿನಿಂದ ಹೇಗೆ ತೆಗೀಬೇಕು ಅಂತ ಕಲಿತೆ ಅನ್ನು. ಉಳಿದವುಗಳಲ್ಲಿ ಒಂದರಲ್ಲೂ ಏನೂ ಕಾಣಲ್ಲ. ಆದರೆ ಕ್ಲಾಸಿನಲ್ಲಿ ಒಬ್ಬ ಪಿಸುಗುಟ್ಟಿದ್ರೆ ನಮಗೆ ಕೇಳಲ್ಲ. ಎಲ್ಲರೂ ಒಟ್ಟಿಗೆ ಅದೇ ಮಾತು ಪಿಸುಗುಟ್ಟಿದ್ರೆ?"

"ಕೇಳುತ್ತೆ."

"ಅದಕ್ಕೇ ಇವುಗಳ ನಡುಭಾಗದ ಬೆಳಕನ್ನೆಲ್ಲ ಒಂದರ ಮೇಲೊಂದು ಪೇರಿಸ್ತಿದ್ದೀನಿ."

ಅವಧಿ ಸ್ವಲ್ಪ ವಿಸ್ತರಿಸಲು ವಿಶ್ವವಿದ್ಯಾಲಯ ಒಪ್ಪಿತು. ಪೇರಿಸಿದ ಬೆಳಕಿನಲ್ಲಿ ಆ ಬಣ್ಣ ಮಸುಕಾಗಿ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಮೂಡಿತು. ಗುಂಪನ್ನು ಹೇಗೆ ಒಡೆದು ಪೇರಿಸಿದರೂ ಉಳಿಯಿತು. ಅವರು ಮೊದಲಿನಂತೆ ಯಾರಿಗೂ ಹೇಳಿಕೊಳ್ಳಲಿಲ್ಲ. ಬಿಸಿ ನಕ್ಷತ್ರಗಳಿಂದ ಅಷ್ಟು ಬರಲು ಸಾಧ್ಯವೇ, ಸಿಡಿತದಿಂದ ಸಾಧ್ಯವೇ ಎಂದು ಒಂದೊಂದನ್ನೂ ತಾವೇ ಎದುರುಪಕ್ಷದವರಂತೆ ವಾದಿಸಿ ನೋಡಿದರು. ಯಾವುದೂ ಸಾಲಲಿಲ್ಲ, ಕಪ್ಪುಕುಳಿಯ ಊಟವೊಂದೇ ಉಳಿಯಿತು. ಲೇಖನ ಅಚ್ಚಾಯಿತು, ಪ್ರಬಂಧ ಒಪ್ಪಿಸಿದರು. ಆಗ ನಿವೃತ್ತಿ ಹತ್ತಿರವಾಗಿತ್ತು.

ಮೈಸೂರಿನಲ್ಲಿ ನಡೆದ ಮೌಖಿಕ ಪರೀಕ್ಷೆಗೆ ನಾನೂ ಹೋಗಿದ್ದೆ. ಕರೆಯದಿದ್ದರೂ ಅಣ್ಣ ಬಂದಿದ್ದರು. ಆ ಶನಿವಾರದ ನಂತರ ಅಣ್ಣತಂಗಿಯರ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತಿತ್ತು. ಇಂಗ್ಲಿಷಿನಲ್ಲಿ ನಡೆದದ್ದೊಂದೂ ತಿಳಿಯದೆ ಅವರು ಕೊನೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಪರೀಕ್ಷಕರೊಬ್ಬರು, "ಇಷ್ಟು ಗ್ಯಾಲಕ್ಸಿಗಳಲ್ಲಿ ಕಪ್ಪುಕುಳಿ ಇರುವ ಯಾವುದಾದರೂ ಒಂದನ್ನು ತೋರಿಸಬಲ್ಲಿರಾ?" ಎಂದು ಕೇಳಿದರು. ಇವರು, "ಒಂದನ್ನೂ ತೋರಿಸಲಾರೆ" ಎಂದರು. ಕೇಳಿದವರು ತಲೆಯಾಡಿಸಿ, ನಕ್ಕು, ಕೈಕುಲುಕಲು ಎದ್ದುಬಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ತಂಗಿ ಒಂದೇ ಸೀಟಿನಲ್ಲಿ, ನಾನು ಹಿಂದೆ.

"ಅಂಗಾರೆ ಆ ಕುಳಿಗೋಳು ಅವಿಯಾ, ಇಲ್ವಾ?" ಅಣ್ಣ ಕೇಳಿದರು.

"ಅವೆ ಅಣ್ಣ. ಯಾವ್ದರಲ್ಲಿ ಅಂತ ಮಾತ್ರ ಯೋಳಕ್ಕಾಗಲ್ಲ."

"ಈ ಸಲ ದಿಟವಾ?"

"ದಿಟ."

ಅಣ್ಣ ತಂಗಿಯ ಕಡೆ ತಿರುಗಿದರು. "ಅವತ್ತು ನಾ ಅಂಗೆ ಟೆಂಪೋ ಅತ್ಕಂಡು ಓಗ್ಬಾರ್ದಾಗಿತ್ತು ಕಣವ್ವ" ಎಂದರು. ಇವರು ಅಣ್ಣನ ಮೊಣಕೈ ಹಿಡಿದುಕೊಂಡರು. ಮಾಂಬಳ್ಳಿ ಬರುವವರೆಗೂ ಹಿಡಿದುಕೊಂಡೇ ಇದ್ದರು.

ನಿವೃತ್ತಿಯ ಬಳಿಕ ಅವರು ಹೆಚ್ಚು ಕಾಲ ಇರಲಿಲ್ಲ. ಜ್ವರವೆಂದು ಮಲಗಿದವರು, ಆಸ್ಪತ್ರೆಗೆ ಸೇರಿಸಿದ ಮೇಲೆ ಏಳಲಿಲ್ಲ. ಮಣ್ಣು ಮಾಡಿದ್ದು ಮಾಂಬಳ್ಳಿಯ ಅಣ್ಣನ ಹೊಲದಲ್ಲಿ. ಕಾಲೇಜಿನ ಸಭೆಯಲ್ಲಿ ಎಲ್ಲರೂ ಅವರ ಸಾಧನೆಯನ್ನು ಹೊಗಳಿದರು, ಆ ಶನಿವಾರದ ಮಾತನ್ನು ಯಾರೂ ಎತ್ತಲಿಲ್ಲ. ಹಾಗೆ ಎತ್ತದಿರುವುದೇ ಮರ್ಯಾದೆ ಎಂದು ತಿಳಿದಿದ್ದರು.

ತಿಥಿಯ ದಿನ ನಾನು ಮಾಂಬಳ್ಳಿಗೆ ಹೋದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಬಂಡಳ್ಳಿ ಕಡೆಯ ನೆಂಟರೊಬ್ಬರು ಕೂತಿದ್ದರು. ಅಣ್ಣ ತಾವೇ ಪಾಯಸದ ಬಕೆಟ್ಟು ಹಿಡಿದು ಬಡಿಸುತ್ತಾ ಬಂದರು. ನೆಂಟರು ತಲೆಯೆತ್ತಿ, "ಅದೇನೋ ಕಂಡಿಡುದ್ರು ಅಂತ ಪೇಪರ್‌ನಲ್ಲಿ ಬಂದಿತ್ತಲ್ಲ, ಆಮ್ಯಾಕೆ ಅದು ಅಲ್ಲ ಅಂತಾಯ್ತಂತೆ?" ಎಂದರು. ಸುತ್ತ ಕೂತವರ ಕೈ ಎಲೆಯ ಮೇಲೇ ನಿಂತಿತು.

ಅಣ್ಣ ಬಕೆಟ್ಟನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತರು.

"ಊಂ. ಅದು ಅಲ್ಲ ಅಂತ ಕಂಡಿಡ್ದವ್ಳೂ ನನ್ ತಂಗೀನೆ ಕಣಪ್ಪ" ಎಂದರು. ಮತ್ತೆ ಬಗ್ಗಿ ನೆಂಟರ ಎಲೆಗೆ ಒಂದು ಸೌಟು ಪಾಯಸ ಬಡಿಸಿ ಮುಂದಿನ ಎಲೆಗೆ ಹೋದರು.